ಕೃಷ್ಣಮೃಗ ಯಾವ ಊರಿನದು?

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಿಂದ ಆಂಧ್ರಪ್ರದೇಶದ ಹಿಂದೂಪುರಕ್ಕೆ ಸುಮಾರು 20 ಕಿ.ಮೀ. ದಾರಿ. ನಡುವೆ ರಾಜ್ಯದ ಗಡಿ ಇದೆ ಎಂಬುದು ಬಸ್ಸಿನ ಬೋರ್ಡು ಮತ್ತು ಅಂಗಡಿಯ ನಾಮಫಲಕ ನೋಡಿದವರಿಗೆ ಮಾತ್ರ ತಿಳಿಯುತ್ತದೆ. ಮೈದನಹಳ್ಳಿಯ ಹುಲ್ಲುಗಾವಲಿನ ಕೃಷ್ಣಮೃಗಗಳು ಬೋರ್ಡು ಓದುವುದಿಲ್ಲ. ಹುಲ್ಲು ಎಲ್ಲಿದೆಯೋ ಅಲ್ಲಿ ಮೇಯುತ್ತವೆ. ಬೆದರಿದರೆ ನೆಗೆಯುತ್ತ ಕಣ್ಮರೆಯಾಗುತ್ತವೆ. 798 ಎಕರೆಯ ಈ ಜಾಗವನ್ನು ಕರ್ನಾಟಕ ಸರ್ಕಾರ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ರಾಣೆಬೆನ್ನೂರಿನ ಅಭಯಾರಣ್ಯ ಬಿಟ್ಟರೆ ರಾಜ್ಯದಲ್ಲಿ ಈ ಪ್ರಾಣಿ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕಾಣಸಿಗುವ ಜಾಗ ಇನ್ನೊಂದಿಲ್ಲ.

ಇಂಥ ಪ್ರಾಣಿಯನ್ನು ಕೊಲ್ಲುವ ಹಕ್ಕು ಯಾರಿಗೆ? ಊರಿನವನಿಗೋ, ಹಣ ಕಟ್ಟಿ ಬಂದ ಪರಊರಿನವನಿಗೋ, ಇಬ್ಬರಿಗೂ ಇಲ್ಲವೋ? ಇಂದು ಪ್ರಶ್ನೆಯೇ ವಿಚಿತ್ರವಾಗಿ ಕೇಳಿಸುತ್ತದೆ. ಆದರೆ ನೂರೈವತ್ತು ವರ್ಷಗಳ ಕಾಲ ಈ ಪ್ರಶ್ನೆಯ ಸುತ್ತಲೇ ಕಾನೂನುಗಳು ಹುಟ್ಟಿವೆ, ಬಂಡಾಯಗಳು ಎದ್ದಿವೆ, ಮತದಾನವೂ ನಡೆದಿದೆ.

ಮತದಾನ ನಡೆದದ್ದು ಇಲ್ಲಲ್ಲ, ಅಮೆರಿಕದ ಮೊಂಟಾನ ರಾಜ್ಯದಲ್ಲಿ. ಅಲ್ಲಿ ಎಲ್ಕ್ ಎಂಬ ಭಾರಿ ಗಾತ್ರದ ಜಿಂಕೆಯ ಬೇಟೆಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಸ್ಥಳೀಯರಿಗೆ ಒಂದು ದರ, ಹೊರರಾಜ್ಯದವರಿಗೆ ಹಲವು ಪಟ್ಟು ಹೆಚ್ಚಿನ ದರ. ಇದು ತಾರತಮ್ಯವೆಂದು ಹೊರಗಿನ ಬೇಟೆಗಾರರು ಮತ್ತು ಅವರನ್ನು ಕರೆದೊಯ್ಯುವ ಶಿಕಾರಿ ವ್ಯವಸ್ಥಾಪಕನೊಬ್ಬ ಸುಪ್ರೀಂ ಕೋರ್ಟಿನವರೆಗೆ ಹೋದರು. 1978ರಲ್ಲಿ ಕೋರ್ಟು ಅವರ ವಾದವನ್ನು ತಳ್ಳಿಹಾಕಿತು. ಎಲ್ಕ್ ಬೇಟೆ ಒಂದು ಮನರಂಜನೆ, ಹೊಟ್ಟೆಪಾಡಲ್ಲ. ಹೊಟ್ಟೆಪಾಡಾಗಿದ್ದರೆ ಮಾತು ಬೇರೆ ಇತ್ತು ಎಂಬುದು ಆ ತೀರ್ಪಿನ ತಿರುಳು. ಜಗಳ ಅಲ್ಲಿಗೆ ಮುಗಿಯಲಿಲ್ಲ. ವ್ಯವಸ್ಥಾಪಕರ ಮೂಲಕ ಬರುವ ಹೊರಗಿನವರಿಗೆಂದು ಮೀಸಲಿಟ್ಟಿದ್ದ 5,500 ಪರವಾನಗಿಗಳನ್ನು ರದ್ದುಪಡಿಸಿ, ಹೊರಗಿನವರ ಶುಲ್ಕವನ್ನು 628 ಡಾಲರಿನಿಂದ 897 ಡಾಲರಿಗೆ ಏರಿಸುವ ಪ್ರಸ್ತಾವವೊಂದು 2010ರ ನವೆಂಬರಿನಲ್ಲಿ ನೇರವಾಗಿ ಮತದಾರರ ಮುಂದೆ ಬಂತು.

ವಿರೋಧಿಸಿದವರ ವಾದವನ್ನು ಲಘುವಾಗಿ ತಳ್ಳಿಹಾಕುವಂತಿರಲಿಲ್ಲ. ಹೊರಗಿನಿಂದ ಬರುವವನು ಬಂದೂಕು ಮಾತ್ರ ತರುವುದಿಲ್ಲ, ಹಣವನ್ನೂ ತರುತ್ತಾನೆ. ದಾರಿ ತೋರಿಸುವವ, ಅಡುಗೆಯವ, ಕುದುರೆಯವ, ವಸತಿಗೃಹದವ ಎಲ್ಲರೂ ಆ ಹಣದಲ್ಲೇ ಬದುಕುತ್ತಾರೆ. ಮುಂದಿನ ವರ್ಷ ಪರವಾನಗಿ ಸಿಗುವುದೋ ಇಲ್ಲವೋ ಎಂಬ ಅನಿಶ್ಚಯವಿದ್ದರೆ ಇವರು ವ್ಯಾಪಾರ ನಡೆಸುವುದು ಹೇಗೆ? ಪರವಾಗಿದ್ದವರು ಹೇಳಿದ್ದು ಬೇರೆ: ಕಾಡಿನ ಪ್ರಾಣಿ ಸಾರ್ವಜನಿಕ ಸ್ವತ್ತು, ದುಡ್ಡುಳ್ಳವನಿಗೆ ಮುಂಗಡ ಕಾದಿರಿಸುವ ಸರಕಲ್ಲ. ಪ್ರಸ್ತಾವ ಗೆದ್ದಿತು. ಮರುವರ್ಷ ಹೊರಗಿನವರಿಗಿಟ್ಟ ಪರವಾನಗಿಗಳು ಪೂರ್ತಿ ಮಾರಾಟವಾಗಲಿಲ್ಲ. ವಿರೋಧಿಗಳು ಹೇಳಿದ್ದು ಅಷ್ಟರಮಟ್ಟಿಗೆ ನಿಜವಾಯಿತು.

ಮೊಂಟಾನದ ಮತದಾರನಿಗೆ ಕೇಳಿದ ಪ್ರಶ್ನೆಯನ್ನು ನಮ್ಮ ಬಯಲುಸೀಮೆಯ ರೈತನಿಗೆ ಯಾರೂ ಎಂದೂ ಕೇಳಲಿಲ್ಲ. ಇಲ್ಲಿ ನಿಯಮಗಳು ಬೆಂಗಳೂರಿನಿಂದ, ಮದರಾಸಿನಿಂದ, ದೆಹಲಿಯಿಂದ ಬಂದವು. ಊರು ಅವುಗಳಿಗೆ ತನ್ನದೇ ರೀತಿಯಲ್ಲಿ ಉತ್ತರ ಕೊಟ್ಟಿತು.

ಬಲೆಯವನೂ ಬಂದೂಕಿನವನೂ

ಶಿರಾ ಎಂದರೆ ಮೊದಲಿಗೆ ನೆನಪಾಗುವುದು ಮೊಗಲರ ಸುಬಾ. ರತ್ನಗಿರಿಯ ಪಾಳೆಯಗಾರ ರಂಗಪ್ಪ ನಾಯಕ ಕಟ್ಟಲು ಆರಂಭಿಸಿದ ಊರು ಬಿಜಾಪುರದವರ ಕೈಸೇರಿ, 1687ರಲ್ಲಿ ಮೊಗಲರದಾಗಿ, ಪೆನುಕೊಂಡೆಯಿಂದ ಕೋಲಾರದವರೆಗಿನ ಪರಗಣೆಗಳ ರಾಜಧಾನಿಯಾಯಿತು. ದೊರೆಗಳ ಲೋಕದಲ್ಲಿ ಬೇಟೆ ಎಂದರೆ ದರ್ಬಾರಿನ ಇನ್ನೊಂದು ರೂಪ. ಪಳಗಿಸಿದ ಚೀತಾವನ್ನು ಕಣ್ಣು ಕಟ್ಟಿ ಬಂಡಿಯಲ್ಲಿ ಕೂರಿಸಿ, ಹಿಂಡು ಕಂಡೊಡನೆ ಪಟ್ಟಿ ಬಿಚ್ಚಿ ಕೃಷ್ಣಮೃಗದ ಮೇಲೆ ಬಿಡುವುದು ಮೊಗಲ್ ಚಕ್ರವರ್ತಿಗಳಿಗೂ ಮೈಸೂರಿನ ಸುಲ್ತಾನರಿಗೂ ಪ್ರಿಯವಾದ ಆಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಅರಮನೆಯಲ್ಲಿ ಇಂಥ ಬೇಟೆ ಚೀತಾಗಳು ಇದ್ದವು. ಕೆಲವನ್ನು ಪಾಲಕರ ಸಮೇತ ಇಂಗ್ಲೆಂಡಿನ ದೊರೆಗೆ ಕಳುಹಿಸಲಾಯಿತು. ಓಡುವ ಜಿಂಕೆ, ಅಟ್ಟುವ ಚೀತಾ, ನಡುವೆ ಬಯಲು. ಈ ಮೂರರಲ್ಲಿ ಚೀತಾ 1952ರ ಹೊತ್ತಿಗೆ ಭಾರತದಿಂದ ಅಳಿಯಿತೆಂದು ಘೋಷಣೆಯಾಯಿತು. 2022ರಲ್ಲಿ ನಮೀಬಿಯಾದಿಂದ ತಂದು ಮಧ್ಯಪ್ರದೇಶದ ಕುನೋ ಕಾಡಿನಲ್ಲಿ ಬಿಟ್ಟದ್ದು ಅದರ ಆಫ್ರಿಕದ ಬಂಧುಗಳನ್ನು.

ದೊರೆಯ ಬೇಟೆಯ ಪಕ್ಕದಲ್ಲೇ ಊರಿನ ಬೇಟೆಯೂ ಇತ್ತು. ಯುಗಾದಿಯ ಮರುದಿನದ ಹೊಸತೊಡಕಿಗೆ ಬಲೆ, ದೊಣ್ಣೆ, ನಾಯಿಗಳೊಡನೆ ಊರಿಗೆ ಊರೇ ಪೊದೆ ಬಡಿಯಲು ಹೊರಡುವುದು ಹಳೆ ಮೈಸೂರಿನ ಅನೇಕ ಹಳ್ಳಿಗಳ ರೂಢಿ. ಸಿಕ್ಕ ಮೊಲವೋ ಹಂದಿಯೋ ಪಾಲಾಗುತ್ತಿತ್ತು. ಪಾಲಿಗೆ ಲೆಕ್ಕವಿತ್ತು, ಬಲೆ ಕಟ್ಟಿದವನಿಗೆ ಇಷ್ಟು, ನಾಯಿ ತಂದವನಿಗೆ ಇಷ್ಟು. ಶಿರಾ ಗಡಿಗೆ ಹೊಂದಿದ ಚಿತ್ರದುರ್ಗ ಸೀಮೆಯ ಕೆಲವು ಊರುಗಳಲ್ಲಿ ಸಂಕ್ರಾಂತಿಗೆ ಮೊಲವನ್ನು ಜೀವಂತ ಹಿಡಿದು, ದೇವರ ಮುಂದೆ ಪೂಜಿಸಿ, ಮರಳಿ ಕಾಡಿಗೆ ಬಿಡುವ ಪದ್ಧತಿಯೂ ಉಂಟು. ಇದನ್ನು ವನ್ಯಜೀವಿ ಪ್ರೇಮ ಎಂದು ಕರೆದುಬಿಡುವುದು ಅವಸರದ ಮಾತಾದೀತು. ಹಿಡಿಯುವುದಕ್ಕೂ ಬಿಡುವುದಕ್ಕೂ ಊರಿಗೆ ಅದರದೇ ಕಟ್ಟಳೆ ಇತ್ತು ಎಂಬುದಷ್ಟು ಖಚಿತ.

ಬ್ರಿಟಿಷರು ಬಂದ ಮೇಲೆ ಕಟ್ಟಳೆಯ ಜಾಗದಲ್ಲಿ ಕಾಗದ ಬಂತು. ಮೊದಲು ಬಂದದ್ದು ಆಯುಧಕ್ಕೆ. 1857ರ ನಿಶ್ಶಸ್ತ್ರೀಕರಣ ಕಾಯ್ದೆ ಹತಾರಗಳನ್ನು ಒಪ್ಪಿಸಿ ಪರವಾನಗಿ ಪಡೆಯಿರಿ ಎಂದಾಗ ಮುಧೋಳದ ಹತ್ತಿರದ ಹಲಗಲಿಯ ಬೇಡರು ಒಪ್ಪಲಿಲ್ಲ. ಆಯುಧ ಅವರಿಗೆ ಬೇಟೆಯೂ ಹೌದು, ಮಾನವೂ ಹೌದು. ನವೆಂಬರಿನಲ್ಲಿ ಕುದುರೆ ದಂಡು ಬಂದು ಊರನ್ನು ಸುಟ್ಟಿತು. ಸೆರೆ ಸಿಕ್ಕವರಲ್ಲಿ 19 ಮಂದಿಯನ್ನು ಗಲ್ಲಿಗೇರಿಸಲಾಯಿತು. ಆ ಕಥೆಯ ಲಾವಣಿಯನ್ನು ಮುಂದೆ ಇಂಗ್ಲಿಷ್ ಅಧಿಕಾರಿ ಫ್ಲೀಟ್ ಅವರೇ ಸಂಗ್ರಹಿಸಿ ಅಚ್ಚು ಮಾಡಿಸಿದರು. ಪರವಾನಗಿ ನಿಯಮಕ್ಕೆ ಕನ್ನಡ ನಾಡಿನಲ್ಲಿ ಬಂದ ಮೊದಲ ದೊಡ್ಡ ವಿರೋಧ ಇದು ಎನ್ನಬಹುದು. ಮತಪೆಟ್ಟಿಗೆ ಇಲ್ಲದ ಕಾಲದ ವಿರೋಧ.

ಅದೇ ಸರ್ಕಾರ ಕೊಡಗಿನವರಿಗೆ ತದ್ವಿರುದ್ಧ ಕ್ರಮ ಕೈಗೊಂಡಿತು. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್, ದಂಗೆಯ ಕಾಲದಲ್ಲಿ ತೋರಿದ ನಿಷ್ಠೆಗೆ ಪ್ರತಿಯಾಗಿ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟರು. ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಸಲ್ಲುವ ಈ ವಿನಾಯಿತಿ ಇಂದಿಗೂ ಇದೆ; 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಹುಟ್ಟಿದ ನೆಲದ ಮೇಲೆ ನಿಂತ ಹಕ್ಕು ಎಂದರೆ ಏನು ಎಂಬುದಕ್ಕೆ ನಮ್ಮಲ್ಲಿ ಸಿಗುವ ಸ್ಪಷ್ಟ ಉದಾಹರಣೆ ಇದೊಂದೇ. ಆದರೆ ಅದು ಕೋವಿ ಇಟ್ಟುಕೊಳ್ಳುವ ಹಕ್ಕು, ಬೇಟೆಯ ಹಕ್ಕಲ್ಲ. ಈ ಎರಡನ್ನೂ ಒಂದೇ ಎಂದು ತಿಳಿದು ಸಿಕ್ಕಿಬಿದ್ದವರುಂಟು.

1878ರ ಭಾರತೀಯ ಆಯುಧ ಕಾಯ್ದೆಯಂತೂ ಮುಚ್ಚುಮರೆಯಿಲ್ಲದ್ದು. ಬ್ರಿಟಿಷ್ ಭಾರತದಲ್ಲಿ ಭಾರತೀಯನಿಗೆ ಲೈಸೆನ್ಸು ಬೇಕು; ನಿಯಮಗಳ ಪ್ರಕಾರ ಯುರೋಪಿಯನ್ನನಿಗೆ ವಿನಾಯಿತಿ. ಎಂದರೆ ಊರಿನವನು ಅನುಮತಿ ಕೇಳಬೇಕು, ಹೊರಗಿನವನು ಕೇಳಬೇಕಾಗಿಲ್ಲ. ಮೊಂಟಾನದ ಲೆಕ್ಕ ಇಲ್ಲಿ ತಲೆಕೆಳಗಾಗಿತ್ತು.

ಬೇಟೆಗೇ ಮೀಸಲಾದ ಕಾಯ್ದೆ ಈ ಭಾಗದಲ್ಲಿ ಮೊದಲು ಬಂದದ್ದು ನೀಲಗಿರಿಗೆ. 1877ರಲ್ಲಿ ಊಟಿಯ ಯುರೋಪಿಯನ್ ಶಿಕಾರಿಗಳು ಸಂಘ ಕಟ್ಟಿಕೊಂಡರು. 1879ರಲ್ಲಿ ಮದರಾಸು ಸರ್ಕಾರ ನೀಲಗಿರಿ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯ್ದೆ ತಂದಿತು. ಬೇಟೆಯಾಡಬಾರದ ಋತು, ಪರವಾನಗಿ, ಶುಲ್ಕ ಎಲ್ಲ ಅದರಲ್ಲಿ ಬಂದವು. ವರೆಯಾಡು ಅಳಿಯದೆ ಉಳಿದದ್ದಕ್ಕೆ ಆ ಸಂಘಕ್ಕೆ ಕೃತಜ್ಞತೆ ಸಲ್ಲಲೇಬೇಕು. ಆದರೆ ಶತಮಾನಗಳಿಂದ ಆ ಬೆಟ್ಟದಲ್ಲೇ ಇದ್ದ ಕುರುಂಬನನ್ನೋ ಇರುಳಿಗನನ್ನೋ ನಿಯಮ ಮಾಡುವಾಗ ಯಾರೂ ಕೇಳಲಿಲ್ಲ. ಬಂದೂಕು ಹಿಡಿದ ದೊರೆ ಕ್ರೀಡಾಳು, ಬಲೆ ಹಿಡಿದ ಹಳ್ಳಿಗ ಕಳ್ಳಬೇಟೆಗಾರ ಎಂಬ ವಿಂಗಡಣೆ ಗಟ್ಟಿಯಾದದ್ದು ಆಗಲೇ.

ಮೈಸೂರು ಸಂಸ್ಥಾನವೂ 1901ರಲ್ಲಿ ತನ್ನ ಬೇಟೆ ಮತ್ತು ಮೀನು ಸಂರಕ್ಷಣಾ ರೆಗ್ಯುಲೇಷನ್ ಜಾರಿಗೆ ತಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ್ ಇನ್ನೂ ಬಾಲಕರು. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾಗಿದ್ದ ಕಾಲ. ಸಂಸ್ಥಾನದ ನಡುವೆಯೇ ಬೆಂಗಳೂರಿನ ದಂಡುಪ್ರದೇಶವಿತ್ತು. ಅಲ್ಲಿನ ಬ್ರಿಟಿಷ್ ಅಧಿಕಾರಿಗೆ ರಜೆ ಸಿಕ್ಕರೆ ಸುತ್ತಲ ಬಯಲು, ಕೆರೆ, ಕುರುಚಲು ಕಾಡೇ ಶಿಕಾರಿಯ ಮೈದಾನ. ಇನ್ನೂ ದೊಡ್ಡ ಅತಿಥಿಗಳಿಗೆ ಕಾಕನಕೋಟೆಯ ಖೆಡ್ಡಾ ಇತ್ತು. ಪರವಾನಗಿ ಎಂಬುದು ಕಾಗದದ ಮೇಲೆ ಎಲ್ಲರಿಗೂ ಒಂದೇ ಎನ್ನೋಣ. ಆದರೆ ಅರ್ಜಿ ಬರೆಯಬಲ್ಲವನು, ಶುಲ್ಕ ಕಟ್ಟಬಲ್ಲವನು, ಬಂದೂಕು ಕೊಳ್ಳಬಲ್ಲವನು ಯಾರು? ಪಾವಗಡದ ಕಡಲೆಕಾಯಿ ಬೆಳೆಗಾರ ಆ ಸಾಲಿನಲ್ಲಿ ಇರಲಿಲ್ಲ.

ಒಂದು ವಿಷಯವನ್ನು ಮಾತ್ರ ಮರೆಯಬಾರದು. ಬೇಟೆ ನಿಲ್ಲಿಸಬೇಕೆಂಬ ಮೊದಲ ದನಿಗಳು ಎದ್ದದ್ದೂ ಬೇಟೆಗಾರರ ನಡುವಿನಿಂದಲೇ. ಮೈಸೂರಿನಲ್ಲಿ ಆನೆ ಖೆಡ್ಡಾ ನಡೆಸಿದ ಸ್ಯಾಂಡರ್ಸನ್ 1878ರಷ್ಟು ಹಿಂದೆಯೇ, ಬಹುಮಾನ ಕೊಟ್ಟು ಹುಲಿಗಳನ್ನು ನಿರ್ಮೂಲ ಮಾಡುವುದು ಅವಿವೇಕ, ಬೆಳೆ ತಿನ್ನುವ ಜಿಂಕೆ ಹಂದಿಗಳನ್ನು ಹತೋಟಿಯಲ್ಲಿಡುವುದು ಹುಲಿಯೇ ಎಂದು ವಾದಿಸಿದ್ದರು. 1952ರಲ್ಲಿ ಸ್ವತಂತ್ರ ಭಾರತದ ವನ್ಯಜೀವಿ ಮಂಡಳಿಯ ಮೊದಲ ಸಭೆ ಸೇರಿದ್ದು ಮೈಸೂರಿನಲ್ಲಿ. ಅಧ್ಯಕ್ಷರು ಜಯಚಾಮರಾಜ ಒಡೆಯರ್. ಬೇಟೆಯ ಮನೆತನದ ದೊರೆಯೊಬ್ಬರು ಸಂರಕ್ಷಣೆಯ ಸಭೆಗೆ ಅಧ್ಯಕ್ಷರಾದದ್ದು ಆ ಕಾಲದ ತಿರುವನ್ನು ತೋರಿಸುತ್ತದೆ.

ಪರವಾನಗಿಯೇ ಇಲ್ಲವಾದಾಗ

ಸ್ವಾತಂತ್ರ್ಯ ಬಂದ ಮೇಲೆ ಶಿಕಾರಿ ಕಡಿಮೆಯಾಗಲಿಲ್ಲ, ಹೆಚ್ಚಿತು. ಜೀಪು, ಟಾರ್ಚು, ಸುಲಭವಾಗಿ ಸಿಗುವ ತೋಟಾ ಸೇರಿ ಬಯಲಿನ ಪ್ರಾಣಿಗೆ ಅಡಗಲು ಜಾಗವೇ ಇಲ್ಲದಂತಾಯಿತು. ಕಾಡಿನ ಹುಲಿಗೆ ಪೊದೆಯಾದರೂ ಇದೆ. ಕೃಷ್ಣಮೃಗದ ರಕ್ಷಣೆ ಎಂದರೆ ಅದರ ಕಣ್ಣು ಮತ್ತು ಕಾಲು. ರಾತ್ರಿ ಕಣ್ಣಿಗೆ ದೀಪ ಹಿಡಿದರೆ ಅದು ನಿಂತುಬಿಡುತ್ತದೆ. ಉತ್ತರದಲ್ಲಿ ಶಿಕಾರಿ ಕಂಪನಿಗಳು ವಿದೇಶಿಯರಿಗೆ ಹುಲಿ ಬೇಟೆಯನ್ನು ಪ್ರವಾಸದ ಸರಕಾಗಿ ಮಾರುತ್ತಿದ್ದವು. ವಿದೇಶಿ ವಿನಿಮಯ ಬರುತ್ತದೆ ಎಂಬ ಸಮರ್ಥನೆ ಅದಕ್ಕಿತ್ತು. ಮೊಂಟಾನದ ವ್ಯವಸ್ಥಾಪಕರ ವಾದವೂ ಇದೇ ಜಾತಿಯದು ತಾನೆ? 1970ರಲ್ಲಿ ಹುಲಿ ಬೇಟೆಗೆ ದೇಶದಾದ್ಯಂತ ನಿಷೇಧ ಬಿತ್ತು. 1972ರ ಗಣತಿಯಲ್ಲಿ ಉಳಿದಿದ್ದ ಹುಲಿಗಳು 1,827.

ಅದೇ ವರ್ಷ ಸೆಪ್ಟೆಂಬರಿನಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಆಗ ವನ್ಯಪ್ರಾಣಿ ರಾಜ್ಯಗಳ ವಿಷಯ. 11 ರಾಜ್ಯಗಳ ವಿಧಾನಮಂಡಲಗಳು ಕೇಳಿಕೊಂಡ ಮೇಲೆ ಸಂಸತ್ತು ಕಾಯ್ದೆ ಮಾಡಿತು. ಉಳಿದವು ಆಮೇಲೆ ಒಪ್ಪಿಕೊಂಡವು. ಕೃಷ್ಣಮೃಗ ಮೊದಲನೆ ಅನುಸೂಚಿಗೆ, ಎಂದರೆ ಹುಲಿಯ ಸಾಲಿಗೆ ಸೇರಿತು. ಆದರೆ 1972ರ ಕಾಯ್ದೆ ಎಲ್ಲ ಬೇಟೆಯನ್ನೂ ನಿಲ್ಲಿಸಿತೆಂದು ತಿಳಿದವರೇ ಹೆಚ್ಚು. ಹಾಗಲ್ಲ. ವಿಶೇಷ ಬೇಟೆ, ದೊಡ್ಡ ಬೇಟೆ, ಸಣ್ಣ ಬೇಟೆ, ಜೀವಂತ ಹಿಡಿಯುವುದು ಎಂದು ನಾಲ್ಕು ಬಗೆಯ ಪರವಾನಗಿಗೆ ಅದರಲ್ಲಿ ಅವಕಾಶವಿತ್ತು. ಅದನ್ನು ಕಿತ್ತುಹಾಕಿದ್ದು 1991ರ ತಿದ್ದುಪಡಿ. ಆ ವರ್ಷದ ಗಾಂಧಿ ಜಯಂತಿಯಿಂದ ಊರಿನವನ ಪರವಾನಗಿ, ಹೊರಗಿನವನ ಪರವಾನಗಿ ಎಂಬ ಭೇದವೇ ಉಳಿಯಲಿಲ್ಲ. ಯಾರಿಗೂ ಇಲ್ಲ.

ಇದರ ಬೆಲೆ ತೆತ್ತವರು ಯಾರು ಎಂಬುದು ಕಾಯ್ದೆಯ ಪುಸ್ತಕದಲ್ಲಿ ಕಾಣುವುದಿಲ್ಲ. ಹಕ್ಕಿಪಿಕ್ಕಿಗಳಿಗೆ ಹಕ್ಕಿ ಹಿಡಿಯುವುದು ಮನರಂಜನೆಯಲ್ಲ, ಹೊಟ್ಟೆಪಾಡು. ಅಮೆರಿಕದ ಕೋರ್ಟು ಎಳೆದ ಗೆರೆಯ ಆಚೆ ಬದಿಯ ಜನ ಇವರು. ಬಲೆ ಕೈಬಿಟ್ಟವರು ಗಿಡಮೂಲಿಕೆ, ತಲೆಗೂದಲ ಎಣ್ಣೆ ಮಾರಲು ಹೊರಟರು. ಊರೂರು ಸುತ್ತಿ ಸಾಲದೆ ಆಫ್ರಿಕದವರೆಗೂ ಹೋದರು. 2023ರ ಏಪ್ರಿಲಿನಲ್ಲಿ ಸೂಡಾನಿನಲ್ಲಿ ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಹಾಕಿಕೊಂಡ ಕನ್ನಡಿಗರಲ್ಲಿ ಹಕ್ಕಿಪಿಕ್ಕಿಗಳೇ ಮುಖ್ಯವಾಗಿದ್ದದ್ದನ್ನು ಪತ್ರಿಕೆ ಓದುವವರೆಲ್ಲ ಬಲ್ಲರು. ಶಿಕಾರಿ ಬಿಟ್ಟ ಶ್ರೀಮಂತ ಕ್ಯಾಮೆರಾ ಕೊಂಡ. ಬಲೆ ಬಿಟ್ಟವನಿಗೆ ಸರ್ಕಾರ ಬೇರೆ ಕಸುಬು ತೋರಿಸಲಿಲ್ಲ.

ಇನ್ನೊಬ್ಬ ರೈತ. ಕೃಷ್ಣಮೃಗಕ್ಕೆ ಹುಲ್ಲಿಗಿಂತ ಎಳೆ ಕಡಲೆಕಾಯಿ ಗಿಡ, ಹುರುಳಿ, ರಾಗಿಯ ಪೈರು ರುಚಿ. ಹಂದಿಯಂಥ ಪ್ರಾಣಿ ಬೆಳೆ ನಾಶ ಮಾಡಿದರೆ ಅಧಿಕಾರಿಯ ಅನುಮತಿ ಪಡೆದು ಕೊಲ್ಲಲು ಕಾಯ್ದೆಯಲ್ಲಿ ದಾರಿಯಿದೆ. ಮೊದಲನೆ ಅನುಸೂಚಿಯ ಪ್ರಾಣಿಗೆ ಆ ದಾರಿ ಇಲ್ಲ. ಮನುಷ್ಯನ ಜೀವಕ್ಕೆ ಅಪಾಯವಾದರೆ, ಅಥವಾ ಅದಕ್ಕೇ ವಾಸಿಯಾಗದ ರೋಗವಿದ್ದರೆ ಮಾತ್ರ. ಕೃಷ್ಣಮೃಗ ಯಾರ ಜೀವಕ್ಕೂ ಅಪಾಯವಲ್ಲ. ಕೊಂದವನಿಗೆ 3ರಿಂದ 7 ವರ್ಷ ಸೆರೆ, ಜತೆಗೆ ದಂಡ. ಬೆಳೆ ಕಾಯಲು ನಾಡ ಕೋವಿಗೆ ಲೈಸೆನ್ಸು ಕೊಡಬಹುದೆಂದು 1959ರ ಆಯುಧ ಕಾಯ್ದೆ ಹೇಳುತ್ತದೆ. ಅದರ ಸದ್ದಿನಿಂದ ಬೆದರಿಸಬಹುದು, ಅಷ್ಟೆ. ಚುನಾವಣೆ ಬಂದರೆ ಆ ಕೋವಿಯೂ ಪೊಲೀಸ್ ಠಾಣೆ ಸೇರುತ್ತದೆ. ಮತಪೆಟ್ಟಿಗೆಗೂ ಬಂದೂಕಿನ ಪರವಾನಗಿಗೂ ನಮ್ಮಲ್ಲಿರುವ ನಂಟು ಇಷ್ಟೇ.

ಹಾಗಾದರೆ ಬೇಟೆಗೆ ಮತ್ತೆ ಬಾಗಿಲು ತೆರೆಯಬೇಕೆ? ಆಗಾಗ ಈ ಬೇಡಿಕೆ ಏಳುತ್ತದೆ. ಅದು ಹೇಗಿರುತ್ತದೆ ಎಂಬುದನ್ನು ಬಿಹಾರ ತೋರಿಸಿದೆ. ನೀಲಗಾಯ್ ಕಾಟ ತಾಳಲಾರದೆ ರಾಜ್ಯ ಕೇಳಿಕೊಂಡಿತು. ಕೇಂದ್ರ ಅದನ್ನು 2015ರ ಡಿಸೆಂಬರಿನಲ್ಲಿ ಕೆಲವು ಜಿಲ್ಲೆಗಳ ಮಟ್ಟಿಗೆ ಒಂದು ವರ್ಷ ಉಪದ್ರವಕಾರಿ ಎಂದು ಸಾರಿತು. 2016ರ ಜೂನಿನಲ್ಲಿ ಮೊಕಾಮದ ಬಯಲಿನಲ್ಲಿ 200ಕ್ಕೂ ಹೆಚ್ಚು ಪ್ರಾಣಿಗಳು ಕೆಲವೇ ದಿನಗಳಲ್ಲಿ ಗುಂಡಿಗೆ ಬಿದ್ದವು. ಗುಂಡು ಹಾರಿಸಿದವರು ಬಿಹಾರದ ರೈತರಲ್ಲ, ಹೈದರಾಬಾದಿನಿಂದ ಕರೆಸಿದ ಬಂದೂಕುದಾರರು. ಕೇಂದ್ರದ ಇಬ್ಬರು ಸಚಿವರು, ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್, ಬಹಿರಂಗವಾಗಿಯೇ ಜಗಳವಾಡಿದರು. ರೈತನ ಹೆಸರಿನಲ್ಲಿ ತೆರೆದ ಬಾಗಿಲಿನಿಂದ ಒಳಗೆ ಬಂದದ್ದು ಹೊರಗಿನ ಶಿಕಾರಿ. ಪರವಾನಗಿ ಮರಳಿದರೆ ಮೈದನಹಳ್ಳಿಗೂ ಮೊದಲು ಬರುವವನು ಬೆಂಗಳೂರಿನ ಜೀಪಿನವನೇ ಹೊರತು ಪಕ್ಕದ ಹೊಲದವನಲ್ಲ. 100 ಕಿ.ಮೀ. ದೂರದ ಮಹಾನಗರದಲ್ಲಿ ಬಂದೂಕಿನ ಖಯಾಲಿ ಇರುವವರಿಗೇನು ಬರವೆ? ಪ್ರಾಣಿ ಹೋಗುತ್ತದೆ, ಬೆಳೆ ಉಳಿಯುತ್ತದೆಂಬ ಖಾತರಿಯೂ ಇಲ್ಲ. ಈ ಒಂದು ಕಾರಣಕ್ಕೇ 1991ರ ನಿಷೇಧ ಸಡಿಲವಾಗಬಾರದು ಎನ್ನುವವರ ಮಾತಿನಲ್ಲಿ ತೂಕವಿದೆ.

ಊರಿನವರೇ ಹೊರಗಿನ ಬೇಟೆಗಾರನನ್ನು ತಡೆದ ಪ್ರಸಂಗಗಳೂ ಇವೆ. 1998ರ ಅಕ್ಟೋಬರಿನಲ್ಲಿ ರಾಜಸ್ತಾನದ ಕಾಂಕಾಣಿಯಲ್ಲಿ ಕೃಷ್ಣಮೃಗಕ್ಕೆ ಗುಂಡು ಬಿದ್ದಾಗ ಬಿಷ್ಣೋಯಿಗಳು ಚಿತ್ರೀಕರಣಕ್ಕೆ ಬಂದಿದ್ದ ಹಿಂದಿ ನಟರ ವಾಹನವನ್ನು ಅಟ್ಟಿಸಿಕೊಂಡು ಹೋದದ್ದು, ಸಾಕ್ಷಿ ಹೇಳಿದ್ದು ಜಗತ್ತಿಗೇ ಗೊತ್ತು. ಜೋಧಪುರದ ನ್ಯಾಯಾಲಯ 2018ರಲ್ಲಿ ಐದು ವರ್ಷದ ಶಿಕ್ಷೆ ವಿಧಿಸಿತು. ಆರೋಪಿ ಮೇಲ್ಮನವಿ ಸಲ್ಲಿಸಿ ಜಾಮೀನು ಪಡೆದರು. ಅಷ್ಟು ದೂರ ಹೋಗಬೇಕಾಗಿಲ್ಲ. ಶಿರಾದಿಂದ ಎಂಟೊಂಬತ್ತು ಕಿ.ಮೀ. ದೂರದ ಕಗ್ಗಲಡುವಿಗೆ 1990ರ ದಶಕದಲ್ಲಿ ಬಣ್ಣದ ಕೊಕ್ಕರೆಗಳು ಬಂದು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟಿದವು. ಹೊರಗಿನವರಿಗೆ ಸುದ್ದಿ ತಿಳಿದದ್ದು 1999ರಲ್ಲಿ, ತುಮಕೂರಿನ ವನ್ಯಜೀವಿ ಆಸಕ್ತರ ಮೂಲಕ. ಅಲ್ಲಿಯವರೆಗೆ ಆ ಹಕ್ಕಿಗಳನ್ನು ಕಾದದ್ದು ಊರಿನವರೇ. ಹಿಕ್ಕೆಯ ನಾತ, ಮರಿಗಳ ಗದ್ದಲ, ಉದುರಿದ ಮೀನು ಎಲ್ಲವನ್ನೂ ಸಹಿಸಿಕೊಂಡು, ಕಲ್ಲೆಸೆಯಲು ಬಂದವರನ್ನು ಗದರಿಸಿ ಕಳುಹಿಸಿದರು. ಅವರಿಗೆ ಯಾವ ಕಾಯ್ದೆಯ ಪರಿಚಯವೂ ಬೇಕಾಗಲಿಲ್ಲ. ಕೊಕ್ಕರೆ ಬೆಳ್ಳೂರಿನ ನಂತರ ದಕ್ಷಿಣದಲ್ಲಿ ಈ ಹಕ್ಕಿಯ ದೊಡ್ಡ ನೆಲೆಯೆಂದು ಕಗ್ಗಲಡು ಹೆಸರಾಯಿತು.

ಮೈದನಹಳ್ಳಿಯನ್ನು ಅಭಯಾರಣ್ಯ ಎನ್ನದೆ ಸಂರಕ್ಷಣಾ ಮೀಸಲು ಎಂದು ಕರೆದದ್ದರಲ್ಲೂ ಇದೇ ತಿಳಿವಳಿಕೆ ಇದೆ. ಈ ವರ್ಗ ಕಾಯ್ದೆಗೆ ಸೇರಿದ್ದು 2002ರ ತಿದ್ದುಪಡಿಯಿಂದ. ಇದರಲ್ಲಿ ಸುತ್ತಲಿನವರ ಹಕ್ಕುಗಳನ್ನು ಕಿತ್ತುಕೊಳ್ಳುವುದಿಲ್ಲ. ನಿರ್ವಹಣೆಗೆ ಸಲಹೆ ನೀಡುವ ಸಮಿತಿಯಲ್ಲಿ ಅರಣ್ಯಾಧಿಕಾರಿಯ ಜತೆ ಪ್ರತಿ ಗ್ರಾಮ ಪಂಚಾಯಿತಿಯ ಪ್ರತಿನಿಧಿ, ಸ್ವಯಂಸೇವಾ ಸಂಸ್ಥೆಯವರು, ಕೃಷಿ ಮತ್ತು ಪಶುಸಂಗೋಪನಾ ಇಲಾಖೆಯವರು ಇರಬೇಕು. 1879ರ ನೀಲಗಿರಿಯಲ್ಲಾಗಲಿ 1901ರ ಮೈಸೂರಿನಲ್ಲಾಗಲಿ ಇಲ್ಲದ ಕುರ್ಚಿಯೊಂದನ್ನು ಕೊನೆಗೂ ಊರಿನವನಿಗೆ ಹಾಕಿದಂತಾಯಿತು. ಕುರ್ಚಿಯಲ್ಲಿ ಕೂತವನ ಮಾತಿಗೆ ಬೆಲೆ ಸಿಗುವುದೇ ಎಂಬುದು ಬೇರೆ ಪ್ರಶ್ನೆ.

ಏಕೆಂದರೆ ಬಯಲಿಗೆ ಈಗ ಬರುತ್ತಿರುವ ಹೊರಗಿನವರ ಕೈಯಲ್ಲಿ ಬಂದೂಕಿಲ್ಲ. ಹುಲ್ಲುಗಾವಲನ್ನು ದಾಖಲೆಗಳಲ್ಲಿ ಪಾಳುಭೂಮಿ ಎಂದು ಬರೆಯುವ ಚಾಳಿ ಹಳೆಯದು. ಅರಣ್ಯ ಬೆಳೆಸುತ್ತೇವೆಂದು ನೀಲಗಿರಿ ನೆಟ್ಟರೆ ಬಯಲಿನ ಮೃಗಕ್ಕೆ ಅದು ಬೇಲಿಯೇ. ಮೈದನಹಳ್ಳಿಯ ಮೀಸಲಿನೊಳಗೂ ನೀಲಗಿರಿ ತೋಪುಗಳಿವೆ. ಪಕ್ಕದ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಸುಮಾರು 10,000 ಎಕರೆ ರಕ್ಷಣಾ ಮತ್ತು ವಿಜ್ಞಾನ ಸಂಸ್ಥೆಗಳಿಗೆ ಹೋಯಿತು. ಪಾವಗಡದ ತಿರುಮಣಿ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಫಲಕಗಳು ಹರಡಿವೆ. ಮಳೆ ಕೈಕೊಟ್ಟ ರೈತನಿಗೆ ಗುತ್ತಿಗೆ ಹಣ ಬಂತು. ಅದನ್ನು ಬೇಡವೆನ್ನಲು ಯಾರಿಗೂ ಬಾಯಿಲ್ಲ. ಇವಕ್ಕೆಲ್ಲ ಬೇಟೆಯ ಪರವಾನಗಿ ಬೇಕಾಗುವುದಿಲ್ಲ. ಆದರೆ ಜಿಗಿದು ಓಡಬೇಕಾದ ಪ್ರಾಣಿಗೆ ಓಡಲು ಉಳಿಯುವ ಜಾಗ ಪ್ರತಿ ಸಲವೂ ಅಷ್ಟಷ್ಟೇ ಕಡಿಮೆಯಾಗುತ್ತದೆ.

ಮುಂಗಾರಿಗೆ ಕಡಲೆಕಾಯಿ ಮೊಳೆತ ಮೇಲೆ ಮೈದನಹಳ್ಳಿ ಸುತ್ತಿನ ಹೊಲಗಳಲ್ಲಿ ರಾತ್ರಿ ಕಾವಲು ಬೇಕೇಬೇಕು. ಕೈಯಲ್ಲಿ ಟಾರ್ಚು, ಬಡಿಯಲು ತಗಡಿನ ಡಬ್ಬ. ಡಬ್ಬ ಬಡಿದರೆ ಹಿಂಡು ಆ ಹೊಲ ಬಿಟ್ಟು ಇನ್ನೊಂದಕ್ಕೆ ದಾಟುತ್ತದೆ. ಅಲ್ಲಿ ಇನ್ನೊಬ್ಬ ಡಬ್ಬ ಬಡಿಯಬೇಕು.